ಬ್ರೇಕಿಲ್ಲದ ಸೈಕಲ್ ಕಳುಹಿಸಿದ ಮ್ಯಾನೇಜರರಿಗೆ

ಜಯಪುರ,
ಸೆಪ್ಟೆಂಬರ್ 1983

ಪಂದ್ಯದ ಸೈಕಲ್ ಕಂಪನಿಯ ಮಾನ್ಯ ಮ್ಯಾನೇಜರರೇ,

ಬೆಂಗಳೂರಿನ ಸಮತಟ್ಟು ನೆಲದ ಮೇಲೆ ಕ್ಷೇಮವಾಗಿ ಕುಳಿತಿರುವ ತಮಗೆ, ಬೇಕರಿಯ ಬ್ರೆಡ್ಡು ಬನ್ನುಗಳನ್ನು ಊರೂರಿಗೆ ಸೈಕಲಿನಲ್ಲಿ ಮುಟ್ಟಿಸುವ ಜಮಾಲನು, ಎರಡೂ ಮೊಣಕೈಗೆ ಪಟ್ಟಿ ಕಟ್ಟಿಕೊಂಡ ಸ್ಥಿತಿಯಲ್ಲಿ ಎಷ್ಟು ಸಾಧ್ಯವೋ ಅಷ್ಟು ಬಗ್ಗಿ ಮಾಡುವ ಸಲಾಮುಗಳು. ಬರುವ ಭಾನುವಾರ ಜಿಲ್ಲಾ ಆಯ್ಕೆ ಪಂದ್ಯವಿದೆ. ದುಂಡನೆಯ ಮೈದಾನದಲ್ಲಿ ಹತ್ತು ಸುತ್ತು. ಒಮ್ಮೆಯಾದರೂ ಬೆನ್ನ ಹಿಂದೆ ಬ್ರೆಡ್ಡಿನ ಪೆಟ್ಟಿಗೆಯಿಲ್ಲದೆ ಸೈಕಲ್ ತುಳಿದು ಗೆಲ್ಲಬೇಕೆಂಬುದು ನನ್ನ ಬಹುಕಾಲದ ಆಸೆ. ಅದಕ್ಕೇ ತಮ್ಮ ಕ್ಯಾಟಲಾಗಿನಲ್ಲಿ 'ಹೊಸಬರಿಗೆ ಉತ್ತಮ' ಎಂದಿದ್ದ, ಮೈದಾನದ ಪಂದ್ಯಕ್ಕೆಂದೇ ಮಾಡಿದ ಟ್ರ್ಯಾಕ್ ಸೈಕಲನ್ನೇ ಆರಿಸಿ ತರಿಸಿಕೊಂಡೆ.

ಬಸ್ಸಿನ ಟಾಪಿನಿಂದ ಇಳಿದ ಅದಕ್ಕೆ ಬ್ರೇಕಿಲ್ಲ, ಬೆಲ್ಲಿಲ್ಲ, ಮಡ್‌ಗಾರ್ಡಿಲ್ಲ, ಸ್ಟ್ಯಾಂಡೂ ಇಲ್ಲ. "ಅರ್ಧ ಸೈಕಲ್ ಬಂದಿದೆಯಲ್ಲ ಮಾರಾಯ, ಇನ್ನರ್ಧ ನಾಳೆ ಬಸ್ಸಿಗೆ ಬರ್ತದಾ?" ಎಂದು ನನ್ನ ಅಕ್ಕ ಖುರ್ಷಿದಾ ಕೇಳಿದಳು. ಬಿದ್ದರೆ ತಲೆ ಉಳಿಯಲೆಂದು ಜೊತೆಗೆ ಬಂದ ಚರ್ಮದ ಪಟ್ಟಿಗಳ ಟೋಪಿಯ ಸಂದುಗಳು ಗಾಳಿ ಹೋಗಲಿಕ್ಕೋ ಕಲ್ಲು ಹೋಗಲಿಕ್ಕೋ ಎಂದೂ ಕೇಳಿದಳು. ತಮ್ಮಂಥ ದೊಡ್ಡವರು ಏನನ್ನೂ ಮರೆಯುವವರಲ್ಲವೆಂದು ನಾನೇ ತಮ್ಮ ಪರ ವಾದಿಸಿದೆ.

ನಮ್ಮ ಪೇಟೆಯಲ್ಲಿ ಹೊಸ ಸೈಕಲ್ ಬಂದರೆ ಎಲ್ಲರಿಗಿಂತ ದಪ್ಪದ ಆಸಾಮಿಯನ್ನು ಕ್ಯಾರಿಯರಿನಲ್ಲಿ ಕೂರಿಸಿಕೊಂಡು ಇಳಿಜಾರಿನ ಬುಡದವರೆಗೆ ಹೋಗಿಬರುವುದು ಪದ್ಧತಿ. ಈ ಸೇವೆಯನ್ನು ಜವಳಿ ಅಂಗಡಿಯ ವೆಂಕಟಯ್ಯನವರು ವರ್ಷಗಳಿಂದ ಸಲ್ಲಿಸುತ್ತಿದ್ದಾರೆ. ತಾವು ಕ್ಯಾರಿಯರನ್ನೂ ಕಳುಹಿಸದ ಕಾರಣ ಅವರನ್ನು ಸೀಟಿನ ಮುಂದಿನ ಅಡ್ಡಕಂಬಿಯ ಮೇಲೆ ಕೂರಿಸಿದೆ. ಕ್ಯಾಟಲಾಗಿನ ಸೂಚನೆಯಂತೆ ನನ್ನ ಪಾದಗಳನ್ನು ಪೆಡಲಿಗೆ ಬೆಲ್ಟಿನಿಂದ ಬಿಗಿದುಕೊಂಡೆ. ಇಳಿಜಾರು ಸಿಕ್ಕಿದ ಮೇಲೆ ತಿಳಿದದ್ದೇನೆಂದರೆ, ಚಕ್ರ ತಿರುಗುವಷ್ಟು ಹೊತ್ತೂ ಪೆಡಲ್ ತಿರುಗುತ್ತದೆ, ಪೆಡಲ್ ತಿರುಗುವಷ್ಟು ಹೊತ್ತೂ ಕಾಲು ತಿರುಗಲೇಬೇಕು. ಇಷ್ಟು ನಿಷ್ಠೆಯ ಯಂತ್ರವನ್ನು ನಾನು ಕಂಡಿರಲಿಲ್ಲ. ಶೃಂಗೇರಿ ಬಸ್ಸನ್ನೇ ಹಿಂದೆ ಹಾಕಿದೆವು. "ಬೆಲ್ಲಾದ್ರೂ ಹೊಡಿ ಮಾರಾಯ!" ಎಂದು ಕೂಗಿದ ವೆಂಕಟಯ್ಯನವರು, ಅದೂ ಇಲ್ಲವೆಂದು ತಿಳಿದು ಬಾಯಲ್ಲೇ ಟ್ರಿಣ್ ಟ್ರಿಣ್ ಎನ್ನುತ್ತ ಬಂದರು. ಕೊನೆಗೆ ಭೈರಮ್ಮನವರ ಗೊಬ್ಬರಗುಂಡಿ ನಮ್ಮನ್ನು ನಿಲ್ಲಿಸಿತು. ಸೈಕಲಿಗೆ ಒಂದು ಗೀರೂ ಬಿದ್ದಿಲ್ಲ, ಅಭಿನಂದನೆಗಳು. ವೆಂಕಟಯ್ಯನವರು ಮಾತ್ರ ಮೂರು ಸಲ ಸ್ನಾನ ಮಾಡಿ, ಈಗಲೂ ಅಂಗಡಿಯ ಹೊರಗೇ ನಿಂತು ವ್ಯಾಪಾರ ಮಾಡುತ್ತಿದ್ದಾರೆ.

ತಪ್ಪು ಸೈಕಲಿನದಲ್ಲ, ನಮ್ಮ ನೆಲದ್ದು ಎಂದು ಒಪ್ಪಿಕೊಂಡಿದ್ದೇನೆ. ಆದ್ದರಿಂದ ತಾವು ದಯಮಾಡಿ ನಮ್ಮ ಕೊಪ್ಪ ತಾಲ್ಲೂಕಿಗೆ ಸಾಲುವಷ್ಟು ಸಮತಟ್ಟು ನೆಲವನ್ನು ಚಾಪೆಯಂತೆ ಸುತ್ತಿ ಲಾರಿಯಲ್ಲಿ ಕಳುಹಿಸಬೇಕು. ಅದು ಕಷ್ಟವೆನಿಸಿದರೆ ಸೈಕಲ್ ನಿಲ್ಲಿಸುವ ವಿದ್ಯೆಯನ್ನಾದರೂ ಒಂದು ಕಾರ್ಡಿನಲ್ಲಿ ಬರೆದು ಹಾಕಿ. ನಾಚಿಕೆ ಬಿಟ್ಟು ಹೇಳುತ್ತೇನೆ, ಬಸ್ಸನ್ನು ಹಿಂದೆ ಹಾಕಿದ ಆ ಅರೆ ನಿಮಿಷದಷ್ಟು ಸಂತೋಷ ನನಗೆ ಯಾವತ್ತೂ ಆಗಿರಲಿಲ್ಲ. ಭಾನುವಾರವೂ ಇದೇ ಸೈಕಲ್ ಹತ್ತುತ್ತೇನೆ.

ತಮ್ಮ ವಿಶ್ವಾಸಿ, ಸದ್ಯಕ್ಕೆ ಒಂದು ಕಡೆ ನಿಂತಿರುವ
ಜಮಾಲ್

ತಾ.ಕ.: ತಮ್ಮ ಉತ್ತರ ಬಾರದಿದ್ದರೂ ಹತ್ತು ಸುತ್ತು ಗೆದ್ದೇ ಗೆಲ್ಲುತ್ತೇನೆ, ಹನ್ನೊಂದನೆಯ ಸುತ್ತಿನಿಂದ ಎಲ್ಲಿಗೆ ಹೋಗುತ್ತೇನೋ ನನಗೇ ತಿಳಿಯದು. ತಮ್ಮ ಕಚೇರಿಯ ವಿಳಾಸವನ್ನು ನನ್ನ ಅಂಗಿಯ ಬೆನ್ನಿಗೆ ಅಕ್ಕ ಹೊಲಿದಿದ್ದಾಳೆ. ಸೋಮವಾರ ಬೆಳಿಗ್ಗೆ ದಯವಿಟ್ಟು ಮುಂಬಾಗಿಲು, ಹಿಂಬಾಗಿಲು ಎರಡನ್ನೂ ತೆರೆದಿಡಿ.