ವೈದ್ಯರ ಖಾಲಿ ಹುದ್ದೆಗೆ ಕೆಂಚನನ್ನು ನೇಮಿಸಿದ ಬಗ್ಗೆ

ಹಿರಿಯರ ಲವಲವಿಕೆ ಇಲಾಖೆ, ರಾಯಚೂರು
ಸಂಖ್ಯೆ: ಹಿಲಇ/ನಾಯಿ/ಮಲ್ಲಟ/ತುರ್ತು

ವಿಷಯ: ನಾಯಿ ಸಾಕಿದ ಹಿರಿಯರು ಗಟ್ಟಿಮುಟ್ಟಾಗಿರುವುದರಿಂದ ವೈದ್ಯರ ಅಗತ್ಯವಿಲ್ಲದಿರುವ ಕುರಿತು.
ಉಲ್ಲೇಖ: ಮಲ್ಲಟದ ಶ್ರೀಮತಿ ಸೂಗಮ್ಮನವರ ಮೌಖಿಕ ಹೇಳಿಕೆ.

ಮಾನ್ವಿ ತಾಲೂಕಿನ ಮಲ್ಲಟದಲ್ಲಿರುವ ಇಲಾಖೆಯ ಚಿಕಿತ್ಸಾ ಕೊಠಡಿಗೆ ತಪಾಸಣೆಗೆ ಹೋದಾಗ, ಬೀಗ ಹಾಕಿದ ಬಾಗಿಲೆದುರು ಬಿಪಿ ಮಾತ್ರೆಗಾಗಿ ಕಾದು ಕುಳಿತಿದ್ದ ವೃದ್ಧೆ ಸೂಗಮ್ಮನವರ ಯೋಗಕ್ಷೇಮ ವಿಚಾರಿಸಲಾಯಿತು. ಸದರಿಯವರು ಪಕ್ಕದಲ್ಲಿದ್ದ ಕೆಂಚ ಎಂಬ ತಮ್ಮ ನಾಯಿಯನ್ನು ತೋರಿಸಿ, "ಡಾಕ್ಟರ್ ಮುಖ ನೋಡಿ ವರ್ಷ ಆತ್ರೀ ಯಪ್ಪಾ. ಈ ನಾಯೀನ ನಮ್ಮ ಡಾಕ್ಟರು. ದಿನಾ ಊರು ಸುತ್ತಸ್ತಾನ, ಅದಕ್ಕ ಜೀವಂತ ಅದೀನಿ" ಎಂದಿರುತ್ತಾರೆ. ಮಾತಿನಲ್ಲಿ ಸಿಟ್ಟಿತ್ತೆಂದು ಜೀಪಿನ ಚಾಲಕರು ತಿಳಿಸಿದರಾದರೂ, ಸಿಟ್ಟಿಗೆ ನಮೂನೆಯಲ್ಲಿ ಕಾಲಂ ಇಲ್ಲದ ಕಾರಣ ಅದನ್ನು ಪ್ರಶಂಸೆ ಎಂದು ಪರಿಗಣಿಸಿ, ಕಳೆದ ವಾರ ಈ ಆದೇಶ ಹೊರಡಿಸಲಾಗಿತ್ತು:

1. ಕೆಂಚನನ್ನು ಮಲ್ಲಟದ ವೈದ್ಯರ ಖಾಲಿ ಹುದ್ದೆಗೆ ನೇಮಿಸಲಾಗಿದೆ. ವೈದ್ಯರು ಬೇಕೆಂಬ ಅರ್ಜಿಗಳೆಲ್ಲ ಇತ್ಯರ್ಥವಾಗಿವೆ.

2. ಹಿರಿಯರು ನಾಯಿಯೊಂದಿಗೆ ಕಚೇರಿ ವೇಳೆಯಲ್ಲೇ ನಡೆಯತಕ್ಕದ್ದು. ಬೆಳಗಿನ ತಂಪಿನಲ್ಲಿ ನಡೆದರೆ ಪರಿಶೀಲಿಸಲು ಸಿಬ್ಬಂದಿ ಎದ್ದಿರುವುದಿಲ್ಲ. ಮೇ ತಿಂಗಳ ಮಧ್ಯಾಹ್ನ ಬೇವಿನ ನೆರಳು ಬಿಟ್ಟು ಏಳದ ನಾಯಿಗೆ ಕಾರಣ ಕೇಳಿ ನೋಟಿಸ್ ನೀಡಲಾಗುವುದು.

3. ನಾಯಿ ಒಳಗೆ ಬರುವುದು ಬೇಡವೆನ್ನುವ ಮನೆಗಳಲ್ಲಿ ಹಿರಿಯರೇ ಹೊರಗೆ ಬರತಕ್ಕದ್ದು. ಮಾನ್ವಿಯ ನೂರ್ ಬೀ ಎಂಬ ಅಜ್ಜಿ ನಾಯಿಗೆ ರೊಟ್ಟಿ ಹಾಕುವ ನೆಪದಲ್ಲಿ ಹೊರಬಂದು, ಓಣಿಯವರೊಡನೆ ಹರಟುತ್ತ ನಗುತ್ತಿರುವುದು ಕಂಡುಬಂದಿದೆ. ನಗುವಿಗೆ ಪೂರ್ವಾನುಮತಿ ಕಡ್ಡಾಯ.

4. ಗಬ್ಬೂರಿನ ಹಿರಿಯರು ತಪಾಸಣೆಗೆಂದು ದೇವದುರ್ಗದ ಬಸ್ಸು ಹತ್ತಬೇಕಾಗಿಲ್ಲ. ನಾಯಿ ಬಾಲ ಅಲ್ಲಾಡಿಸಿದರೆ ಆರೋಗ್ಯ ಚೆನ್ನಾಗಿದೆ ಎಂದು ತಿಳಿಯತಕ್ಕದ್ದು. ಅಲ್ಲಾಡಿಸದಿದ್ದರೆ ನಾಯಿಯನ್ನು ಬದಲಿಸತಕ್ಕದ್ದು.

5. ಅಧಿಕಾರಿಗಳಿಗೆ ಈ ಸೌಲಭ್ಯವಿಲ್ಲ. ಅವರು ಎಂದಿನಂತೆ ಹೈದರಾಬಾದಿಗೆ ಹೋಗಿ ಮನುಷ್ಯ ವೈದ್ಯರನ್ನೇ ಕಾಣುವ ಕಷ್ಟ ಸಹಿಸತಕ್ಕದ್ದು.

ಆದೇಶ ತಲುಪಿದ ಮರುದಿನವೇ ಸೂಗಮ್ಮನವರು ಊರಿನ ಹಿರಿಯರನ್ನೆಲ್ಲ ಟಂಟಂ ಆಟೋ ಹತ್ತಿಸಿಕೊಂಡು ಈ ಕಚೇರಿಗೆ ಬಂದು, ಅಧಿಕಾರಿಗಳ ಕುರ್ಚಿಯ ಕಾಲಿಗೆ ಕೆಂಚನನ್ನು ಕಟ್ಟಿ, ಅದೇ ಕುರ್ಚಿಯಲ್ಲಿ ತೋಳು ಚಾಚಿ ಕುಳಿತಿರುತ್ತಾರೆ. "ನಿಮ್ಮ ಡಾಕ್ಟರ್ ಡ್ಯೂಟಿಗಿ ಬಂದಾನ್ರೀ. ನನ್ನ ಬಿಪಿ ನೋಡಂತ ಹೇಳ್ರಿ. ನೋಡೂತನಕ ನಾ ಏಳಂಗಿಲ್ಲ" ಎಂಬುದು ಸದರಿಯವರ ಮನವಿ. ನಾಯಿಗೆ ಮೌಖಿಕವಾಗಿ ಸೂಚಿಸಲಾಯಿತು, ಅದು ಆಕಳಿಸಿತು. ಲಿಖಿತವಾಗಿ ಸೂಚಿಸಲಾಯಿತು, ಅದು ಸೂಚನೆಯನ್ನೇ ತಿಂದಿತು. ಮಾತ್ರೆ ತಪ್ಪಿ ಸೂಗಮ್ಮನವರಿಗೆ ತಲೆ ಸುತ್ತುತ್ತಿದ್ದುದು, ಅದನ್ನು ಯಾರಿಗೂ ತೋರಗೊಡದೆ ನಾಯಿಯ ಬೆನ್ನು ಹಿಡಿದು ಕುಳಿತಿದ್ದುದು ಮಾತ್ರ ಎಲ್ಲರ ಗಮನಕ್ಕೂ ಬಂದಿದೆ.

6. ಆದ್ದರಿಂದ, ಕೆಂಚನು ಬಿಪಿ ನೋಡಲು ಕಲಿಯುವವರೆಗೆ ಮಾತ್ರ, ಮಲ್ಲಟಕ್ಕೆ ನಾಳೆಯಿಂದಲೇ ವೈದ್ಯರೊಬ್ಬರನ್ನು ತಾತ್ಕಾಲಿಕವಾಗಿ ನೇಮಿಸಲಾಗಿದೆ. ಇದನ್ನು ಇಲಾಖೆಯ ಸೋಲೆಂದು ಯಾರೂ ಭಾವಿಸತಕ್ಕದ್ದಲ್ಲ.

ಸಹಿ/-
ಉಪ ಲವಲವಿಕಾಧಿಕಾರಿ
(ಕುರ್ಚಿ ಬಿಡುವಿಲ್ಲದ ಕಾರಣ ನಿಂತು ಸಹಿ ಮಾಡಲಾಗಿದೆ)

ಪ್ರತಿಗಳು:
ನೇಮಕಗೊಂಡ ವೈದ್ಯರಿಗೆ, ಮಲ್ಲಟ ಎಲ್ಲಿದೆ ಎಂಬ ನಕ್ಷೆಯೊಂದಿಗೆ.
ಜೀಪಿನ ಚಾಲಕರಿಗೆ, ಇನ್ನು ಮುಂದೆ ಜನರ ಮಾತು ಅರ್ಥ ಮಾಡಿಕೊಳ್ಳದಂತೆ ಎಚ್ಚರಿಕೆ ನೀಡಿ.
ಶ್ರೀಮತಿ ಸೂಗಮ್ಮನವರಿಗೆ, ಮಾತ್ರೆ ಸಮೇತ. ದಯವಿಟ್ಟು ನಾಯಿ ಬಿಚ್ಚಿಕೊಂಡು ಹೋಗಬೇಕೆಂಬ ಕಳಕಳಿಯ ವಿನಂತಿಯೊಂದಿಗೆ.