ಚಪ್ಪರದ ಹೊರಗೆ ಊದಲು ಅಪ್ಪಣೆ ದಯಪಾಲಿಸಿದ ಮಹಾಲಿಂಗಯ್ಯನವರಿಗೆ

ಮಧುಗಿರಿ,
ಬಹುಧಾನ್ಯ ಸಂವತ್ಸರದ ವೈಶಾಖ ಶುದ್ಧ ಪಂಚಮಿ

ಮಧುಗಿರಿ ಮಂಗಳವಾದ್ಯ ಸಭೆಯ ಅಧ್ಯಕ್ಷರೂ, ಪೇಟೆಬೀದಿಯ ಜವಳಿ ವರ್ತಕರೂ, ತಾಲ್ಲೂಕಿನ ಸಮಸ್ತ ಮದುವೆಮನೆಗಳ ಮಡಿಮೈಲಿಗೆಯನ್ನು ಒಂದೇ ಹೆಗಲ ಮೇಲೆ ಹೊತ್ತು ಬಳಲಿದವರೂ ಆದ ಶ್ರೀಮಾನ್ ಮಹಾಲಿಂಗಯ್ಯನವರ ಸನ್ನಿಧಿಗೆ, ಕ್ಲಾರಿಯೊನೆಟ್ ಚನ್ನಮಲ್ಲಯ್ಯನು ಮಾಡುವ ಶರಣು ಶರಣಾರ್ಥಿಗಳು.

ಮಾನ್ಯರೇ,

ಇಲ್ಲಿ ನಾವೆಲ್ಲ ಕ್ಷೇಮ. ತಾವೂ ಕ್ಷೇಮವೆಂಬುದು ನಿನ್ನೆ ತಮ್ಮ ಗುಮಾಸ್ತ ಅಡವಯ್ಯನವರು ತಂದುಕೊಟ್ಟ ಕಾಗದವನ್ನು ಓದಿದ ಕೂಡಲೇ ತಿಳಿಯಿತು, ಏಕೆಂದರೆ ಮೈಯಲ್ಲಿ ಸೌಖ್ಯವಿಲ್ಲದವರು ಪಕ್ಕದ ಬೀದಿಯ ಮನೆಗೆ ಮೂರು ಪುಟದ ಆಜ್ಞೆ ಬರೆಯಲಾರರು. ಇದಕ್ಕೆ ಉತ್ತರವನ್ನು ನಾನು ಗುಟ್ಟಾಗಿ ಬರೆಯದೆ ಸಭೆಯ ಬಾಗಿಲಿಗೂ ಚಾವಡಿಯ ಗೋಡೆಗೂ ಅಂಟಿಸುತ್ತಿರುವುದಕ್ಕೆ ಮನ್ನಿಸಬೇಕು. ಅಡವಯ್ಯನವರು ತಮ್ಮ ಕಾಗದವನ್ನು ನನ್ನ ಕೈಗೆ ಕೊಡುವ ಮುಂಚೆ ದಾರಿಯಲ್ಲಿ ಸಿಕ್ಕ ಏಳು ಮನೆಗಳಿಗೆ ಓದಿ ಹೇಳಿಕೊಂಡು ಬಂದಿದ್ದರಿಂದ ಗುಟ್ಟು ಎಂಬ ಪದಾರ್ಥ ನಮ್ಮಿಬ್ಬರ ನಡುವೆ ಉಳಿದಿರಲಿಲ್ಲ.

ತಮ್ಮ ಆಜ್ಞೆಯ ಸಾರಾಂಶವನ್ನು, ಕೇಳದೆ ಉಳಿದಿರುವ ಒಬ್ಬಿಬ್ಬರ ಅನುಕೂಲಕ್ಕಾಗಿ, ಇಲ್ಲಿ ಬರೆಯುತ್ತೇನೆ. ನನ್ನ ತಂಗಿ ಕರಿಬಸಮ್ಮನ ಮಗಳು ಜಗದಾಂಬೆಯ ಮದುವೆ ಕಳ್ಳಂಬೆಳ್ಳದ ವೃಷಭೇಂದ್ರಪ್ಪನವರ ಮಗನೊಂದಿಗೆ ಬರುವ ಸೋಮವಾರ ನಿಶ್ಚಯವಾಗಿದೆಯಷ್ಟೆ. ಹೆಣ್ಣಿನ ಸೋದರಮಾವನಾದ ಚನ್ನಮಲ್ಲಯ್ಯನು ನಾಲ್ಕು ವರ್ಷ ಕೊರಿಯಾ ದೇಶದಲ್ಲಿ ಕಂಡಕಂಡವರ ಜೊತೆ ಕೂತು ಉಂಡು ಬಂದವನಾದ್ದರಿಂದ ಮದುವೆಯ ಚಪ್ಪರದೊಳಗೆ ಕಾಲಿಡತಕ್ಕದ್ದಲ್ಲ, ಪಂಕ್ತಿಯಲ್ಲಿ ಕೂರತಕ್ಕದ್ದಲ್ಲ. ಹೊರಗೆ ಬೇವಿನಮರದ ಬುಡದಲ್ಲಿ ಕೂತು ವಾದ್ಯ ಊದಲು ಅಡ್ಡಿಯಿಲ್ಲ. ಇದಕ್ಕೆ ತಪ್ಪಿದರೆ ಸಭೆಯಿಂದ ಡೋಲು ಬಾರದು, ಸಭೆಯ ನಂಟರಿಷ್ಟರು ಯಾರೂ ಆ ಮನೆಯಲ್ಲಿ ಎಲೆಯ ಮುಂದೆ ಕೂರರು. ತಂದೆಯಿಲ್ಲದ ಹುಡುಗಿಯ ಮದುವೆಗೆ ಊರು ಉಣ್ಣಲು ಬರದಿದ್ದರೆ ಗಂಡಿನವರು ಏನೆಂದುಕೊಂಡಾರು, ಹಸೆಯಿಂದ ಎದ್ದು ಹೋದಾರೋ ಏನೋ ಎಂಬುದನ್ನು ತಾವು ಬರೆದಿಲ್ಲ. ಅಷ್ಟನ್ನು ನಾವೇ ಊಹಿಸಿಕೊಂಡು ನಡುಗಲಿ ಎಂದು ಬಿಟ್ಟಿರುವುದು ತಮ್ಮ ದೊಡ್ಡ ಗುಣ.

ಹೊರಗೆ ಕೂತು ಊದಲು ಅಪ್ಪಣೆ ಕೊಟ್ಟ ತಮ್ಮ ಔದಾರ್ಯಕ್ಕೆ ನಾನು ಚಿರಋಣಿ. ನಾನು ಊರು ಬಿಟ್ಟಾಗ ಹತ್ತು ವರ್ಷದವಳಾಗಿದ್ದ ಆ ಹುಡುಗಿ ನನ್ನ ಪಂಚೆಯ ಚುಂಗು ಹಿಡಿದುಕೊಂಡು, "ಮಾವ, ನನ್ ಧಾರೇಲಿ ನೀನೇ ಊದ್ಬೇಕು, ಬ್ಯಾರೇರ್ ಊದುದ್ರೆ ನಾನು ಹಸೆ ಮ್ಯಾಲೆ ಕೂರಾಕಿಲ್ಲ" ಎಂದು ಆಣೆ ಹಾಕಿಸಿಕೊಂಡಿದ್ದಳು. ಊದುವುದೇನೋ ಮರದಡಿಯಿಂದಲೂ ಆದೀತು. ಆದರೆ ಹೆಣ್ಣನ್ನು ಕೈಹಿಡಿದು ಮಂಟಪಕ್ಕೆ ಕರೆತರಬೇಕಾದವನು ಸೋದರಮಾವನೇ ಎಂಬ ಸಣ್ಣ ತೊಡಕು ಉಳಿದಿದೆ. ಬೇವಿನಮರದಿಂದ ಮಂಟಪದವರೆಗೆ ನಾನೇ ಅಳೆದು ನೋಡಿದೆ, ಮೂವತ್ತೆರಡು ಮೊಳ. ತಾವು ಜವಳಿಯವರು, ಮೊಳ ಹಾಕುವುದರಲ್ಲಿ ಹೆಸರಾದವರು. ತಮ್ಮ ಅಂಗಡಿಯ ಮೊಳ ಊರಿನ ಮೊಳಕ್ಕಿಂತ ಗಿಡ್ಡವೆಂದು ಆಗದವರು ಆಡಿಕೊಳ್ಳುವುದನ್ನು ನಾನು ನಂಬುವವನಲ್ಲ. ಆದಕಾರಣ ಸೋಮವಾರದೊಳಗೆ ಎರಡೇ ಮೊಳವಿರುವ ನನ್ನ ಬಲತೋಳಿಗೆ ಇನ್ನು ಮೂವತ್ತು ಮೊಳ ಜೋಡಿಸಿಕೊಡುವ ಏರ್ಪಾಡು ಮಾಡಬೇಕಾಗಿ ವಿನಂತಿ.

ಇನ್ನು ತಾವು ಕೇಳಿರುವ ಪ್ರಶ್ನೆಗಳಿಗೆ ಬರುತ್ತೇನೆ. ಕೊರಿಯಾದಲ್ಲಿ ಏನು ತಿಂದೆ, ಯಾರ ಜೊತೆ ತಿಂದೆ, ಯಾರ ಪಾತ್ರೆಯಲ್ಲಿ ತಿಂದೆ ಎಂದು ಕೇಳಿದ್ದೀರಿ. ಮಾನ್ಯರೇ, ಅಷ್ಟು ದೂರ ಹೋಗಿ ಬಂದವನನ್ನು ಏನು ಕಂಡೆ, ಏನು ಕಲಿತೆ, ಏನು ಊದಿದೆ ಎಂದು ಸಾಮಾನ್ಯರು ಕೇಳುತ್ತಾರೆ. ನೇರವಾಗಿ ಹೊಟ್ಟೆಗೇ ಕೈಹಾಕಿದವರು ತಾವೊಬ್ಬರೇ. ಜಯಮಂಗಲಿ ಹೊಳೆಯನ್ನು ಕೂಡ ಅದರಲ್ಲಿ ನೀರಿಲ್ಲದ ಬೇಸಿಗೆಯಲ್ಲಿ ಮಾತ್ರ ದಾಟಿರುವ ತಾವು, ನನ್ನನ್ನು ಅಂಗಡಿಯ ಮುಂದೆ ನಿಲ್ಲಿಸಿ, "ಕೊರಿಯಾ ಅಂದ್ರೆ ಹಾವು ತಿನ್ನೋರ ಸೀಮೆ ಕಣಯ್ಯ, ನಂಗೊತ್ತಿಲ್ವಾ? ನಿನ್ನ ಪಂಕ್ತೀಲಿ ಹೆಂಗ್ ಕೂರುಸ್ಲಿ?" ಎಂದಾಗ, ಅಲ್ಲಿಯೇ ನಾಲ್ಕು ವರ್ಷ ಇದ್ದೂ ಒಂದು ಹಾವಿನ ಬಾಲವನ್ನೂ ತಟ್ಟೆಯಲ್ಲಿ ಕಾಣದ ನನ್ನ ಕುರುಡುತನಕ್ಕೆ ನಾನು ನಾಚಿಕೊಂಡೆ.

ನಡೆದದ್ದು ಇಷ್ಟು. ಸಿರಾದಲ್ಲಿ ಡೇರೆ ಹಾಕಿದ್ದ ಸರ್ಕಸ್ ಕಂಪೆನಿಯ ಬ್ಯಾಂಡಿಗೆ ನಾನು ಸೇರಿಕೊಂಡದ್ದು ತಮಗೆ ನೆನಪಿದೆ, ಏಕೆಂದರೆ ಅಂದು ತಾವು ಎರಡಾಣೆ ಟಿಕೀಟು ಕೊಳ್ಳದೆ ಡೇರೆಯ ಕೆಳಗಿನಿಂದ ನುಸುಳಿ ಬಂದದ್ದನ್ನು ನಾನು ನೋಡಿದ್ದೆ. ಆ ಕಂಪೆನಿ ಎರಡು ವರ್ಷ ಸಿಂಗಪುರ, ಶಾಂಘೈ ಸುತ್ತಿಕೊಂಡು ಕೊರಿಯಾದ ಸೋಲ್ ಪಟ್ಟಣಕ್ಕೆ ಹೋಯಿತು. ಅಲ್ಲಿನ ಹಿಮ ಬಿದ್ದು ಡೇರೆ ಹರಿಯಿತು, ಯಜಮಾನ ಕುದುರೆಗಳನ್ನು ಮಾರಿಕೊಂಡು ನಮಗೆ ಹೇಳದೆ ಹಡಗು ಹತ್ತಿದ. ಕ್ಲಾರಿಯೊನೆಟ್ಟೊಂದನ್ನು ಕಂಕುಳಲ್ಲಿಟ್ಟುಕೊಂಡು ಬೀದಿಯಲ್ಲಿ ನಿಂತವನನ್ನು ಒಂದು ಚಹಾದಂಗಡಿಯವರು ಒಳಗೆ ಕರೆದು, ಅವರ ಐದು ಜನರ ಬ್ಯಾಂಡಿನಲ್ಲಿ ಆರನೆಯವನಾಗಿ ಕೂರಿಸಿಕೊಂಡರು. ಆ ಅಂಗಡಿಯ ಯಜಮಾನಿಯ ಹೆಸರು ಪಾಕ್. ನಮ್ಮ ಕಡೆಯ ರೂಢಿ ಬಿಡಲಾಗದೆ ನಾನು ಪಾಕಮ್ಮ ಎಂದು ಕೂಗುತ್ತಿದ್ದೆ, ಆಕೆಯೂ ಓಗೊಡುತ್ತಿದ್ದರು.

ಅಲ್ಲಿನ ಉದ್ಯೋಗದ ರೀತಿಯೇ ಬೇರೆ. ದಿನಕ್ಕೆ ಎರಡು ಗಂಟೆ ಊದಿದರೆ ಮೂರು ಗಂಟೆ ಜೊತೆಗೂಡಿ ಕೂರಬೇಕು. ಊದಿ ಎದ್ದು ಹೋದವನನ್ನು ಒಳ್ಳೆಯ ವಾದ್ಯಗಾರನೆಂದು ಒಪ್ಪಿದರೂ ಮನುಷ್ಯನೆಂದು ಒಪ್ಪುವುದಿಲ್ಲ. ಮೊದಲ ದಿನ ಎಲ್ಲರೂ ನನ್ನನ್ನು ಸುತ್ತುವರಿದು ಏನೋ ಕೇಳತೊಡಗಿದಾಗ, ಹೊಸಬರನ್ನು ಮೊದಲು ಏನು ಕೇಳುತ್ತಾರೆಂಬುದು ಮಧುಗಿರಿಯಲ್ಲಿ ಹುಟ್ಟಿದವನಿಗೆ ಹೇಳಿಕೊಡಬೇಕೆ, ನಾನು ಜಾತಿ, ಮಠ, ಬೆಡಗು ಎಲ್ಲವನ್ನೂ ಒಪ್ಪಿಸಲು ಗಂಟಲು ಸರಿಮಾಡಿಕೊಂಡೆ. ಅವರು ಕೇಳಿದ್ದು ನನ್ನ ವಯಸ್ಸನ್ನು! ಆ ಐವರಲ್ಲಿ ಹಿರಿಯನಾದ, ತಮಟೆಯಂಥ ವಾದ್ಯ ಬಾರಿಸುವ ಚೋಯ್ ಎಂಬುವನಿಗಿಂತ ನಾನು ಐದು ತಿಂಗಳು ದೊಡ್ಡವನೆಂದು ಬೆರಳೆಣಿಸಿ ಗೊತ್ತುಮಾಡಿಕೊಂಡರು. ಅಂದಿನಿಂದ ಅವನಿಗೆ ನಾನು ಅಣ್ಣ. ಇಷ್ಟು ಮುಖ್ಯವಾದ ವಿಚಾರಣೆಯನ್ನು ಅರ್ಧಕ್ಕೇ ನಿಲ್ಲಿಸಿ ಊಟ ಬಡಿಸಿಬಿಟ್ಟ ಆ ಜನರ ಅಜ್ಞಾನವನ್ನು ಏನೆಂದು ಹೇಳಲಿ?

ಬಡಿಸಿದ ಮೇಲೆ ಇನ್ನೊಂದು ಪೇಚು. ಅಲ್ಲಿ ದೊಡ್ಡವನು ಚಮಚ ಎತ್ತುವವರೆಗೆ ಚಿಕ್ಕವರು ಎತ್ತುವುದಿಲ್ಲ. ನಾನೋ, ಯಾರಾದರೂ 'ಹರಹರ ಮಹಾದೇವ' ಎಂದು ಕೂಗಲಿ, ಆಮೇಲೆ ಅನ್ನಕ್ಕೆ ಕೈಹಾಕೋಣವೆಂದು ಕೂತೆ. ಅವರು ನನ್ನ ಕೈ ನೋಡುತ್ತ, ನಾನು ಅವರ ಬಾಯಿ ನೋಡುತ್ತ, ಸಾರು ಆರಿ ತಣ್ಣಗಾಯಿತು. ಕೊನೆಗೆ ನಾನೇ ಕೂಗಿದೆ. ಮರುದಿನದಿಂದ ಆ ಐವರೂ ಊಟಕ್ಕೆ ಮುಂಚೆ ನನ್ನ ಜೊತೆ 'ಮಾದೇಬ' ಎಂದು ಒಕ್ಕೊರಲಿನಿಂದ ಕೂಗತೊಡಗಿದರು. ಚಹಾಕ್ಕೆ ಬಂದ ಗಿರಾಕಿಗಳು ಬೆಚ್ಚಿಬೀಳುತ್ತಿದ್ದರು. ನನಗೆ ಮೀನು ಮಾಂಸ ಆಗದೆಂದು ತಿಳಿದ ಪಾಕಮ್ಮನವರು ಕೋಸಿನ ಉಪ್ಪಿನಕಾಯಿಯನ್ನು ಮೀನು ಸೋಕಿಸದೆ ನನಗಾಗಿ ಬೇರೆ ಜಾಡಿಯಲ್ಲಿ ಹಾಕಿಟ್ಟರು. ತಾವು ಪಾತ್ರೆಯ ವಿಷಯ ಕೇಳಿದ್ದೀರಲ್ಲ, ಅದಕ್ಕೆ ಹೇಳಿದೆ: ಅಲ್ಲಿಯೂ ನನ್ನ ಪಾತ್ರೆ ಬೇರೆಯೇ ಇತ್ತು, ನಾನು ಎಲ್ಲರ ಜೊತೆ ಕೂರುವಂತಾಗಲಿ ಎಂದು.

ಆದರೆ ನಾನೂ ತಮ್ಮ ಊರಿನವನೇ ಅಲ್ಲವೇ, ಅನುಮಾನ ಹೋದೀತೆ? ಎರಡನೆಯ ವಾರ ಒಂದು ವಿಷಯ ಕಣ್ಣಿಗೆ ಬಿತ್ತು. ಚೋಯ್ ನನ್ನ ಎದುರು ಅಕ್ಕಿಯ ಹೆಂಡದ ಬಟ್ಟಲನ್ನು ಎತ್ತಿದಾಗಲೆಲ್ಲ ಮುಖವನ್ನು ಪಕ್ಕಕ್ಕೆ ತಿರುಗಿಸಿ, ಕೈ ಅಡ್ಡಹಿಡಿದು ಕುಡಿಯುತ್ತಿದ್ದ. ಉಳಿದವರೆದುರು ಹಾಗಿಲ್ಲ, ನನ್ನೆದುರು ಮಾತ್ರ. ಓಹೋ, ನನ್ನ ಮುಖ ನೋಡಿಕೊಂಡು ಕುಡಿದರೆ ಇವನಿಗೆ ಮೈಲಿಗೆ, ಅಣ್ಣ ಎನ್ನುವುದೆಲ್ಲ ಬಾಯಿಮಾತು ಎಂದು ನನಗೆ ಖಾತ್ರಿಯಾಯಿತು. ಬೇರೆ ಯಾರಿಗಾದರೂ ಹೀಗೆ ಹೊಳೆಯುತ್ತಿತ್ತೋ ಇಲ್ಲವೋ, ನಮ್ಮೂರಿನವನಿಗೆ ಬಿಡಿಸಿ ಹೇಳಬೇಕಾಗಲಿಲ್ಲ. ಒಂದು ತಿಂಗಳು ನಾನು ನನ್ನ ಬಟ್ಟಲು ತೆಗೆದುಕೊಂಡು ಮೂಲೆಗೆ ಹೋಗಿ, ಗೋಡೆಗೆ ಮುಖಮಾಡಿ, ಹುರಿದ ಜವೆಗೋಧಿಯ ನೀರು ಕುಡಿದೆ. ಕಡೆಗೆ ಪಾಕಮ್ಮನವರು ತಡೆಯಲಾರದೆ ಕಾರಣ ಕೇಳಿದರು. ಕೈಸನ್ನೆಯಲ್ಲೂ ಅರೆಬರೆ ಇಂಗ್ಲಿಷಿನಲ್ಲೂ ನಾನು ಹೇಳಿದ್ದನ್ನು ಕೇಳಿ ಚೋಯ್ ಗಾಬರಿಯಿಂದ ಮಂಡಿಯೂರಿಬಿಟ್ಟ. ದೊಡ್ಡವರ ಎದುರು ನೇರ ಮುಖವಿಟ್ಟು ಕುಡಿಯುವುದು ಅಲ್ಲಿ ಸೊಕ್ಕಿನ ಲಕ್ಷಣವಂತೆ. ಮುಖ ತಿರುಗಿಸುವುದು ಅಣ್ಣನಿಗೆ ತೋರುವ ಮರ್ಯಾದೆಯಂತೆ. ಅಂದು ನಾನು ಅತ್ತದ್ದನ್ನು ಬರೆಯಲು ನಾಚಿಕೆಯಿಲ್ಲ.

ಆದಕಾರಣವೇ, ಮಾನ್ಯರೇ, ಹೋದ ತಿಂಗಳು ತಾವು ಅಂಗಡಿಯ ಜಗಲಿಯಲ್ಲಿ ಕಾಫಿ ಕುಡಿಯುತ್ತಿದ್ದಾಗ ನಾನು ಬಂದದ್ದನ್ನು ಕಂಡು ಲೋಟದೊಂದಿಗೆ ಗೋಡೆಯ ಕಡೆಗೆ ತಿರುಗಿದಿರಲ್ಲ, ನನಗೆ ಮೈ ಜುಮ್ಮೆಂದಿತು. ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರು, ನನ್ನನ್ನು ಅಣ್ಣನೆಂದು ಭಾವಿಸಿ ಇಷ್ಟೊಂದು ಗೌರವವೇ! ತಮ್ಮನ್ನು ನೋಡಿ ಅಡವಯ್ಯನವರೂ ತಿರುಗಿದರು, ಎಲೆಯಡಿಕೆ ಅಂಗಡಿಯ ಚಂದ್ರಶೇಖರಯ್ಯನವರೂ ತಿರುಗಿದರು. ಇಡೀ ಪೇಟೆಬೀದಿ ಕೊರಿಯಾದ ಸಭ್ಯತೆಯನ್ನು ಇಷ್ಟು ಬೇಗ ಕಲಿತಿರುವಾಗ ಅದನ್ನು ನನಗೆ ಕಲಿಸಿದ ಜನರ ಜೊತೆ ಉಂಡದ್ದು ಮಾತ್ರ ಅಪರಾಧ ಹೇಗಾಯಿತೋ ನನ್ನ ಮಂದಬುದ್ಧಿಗೆ ತಿಳಿಯದು.

ಊರಿಗೆ ಯಾಕೆ ಹಿಂತಿರುಗಿದೆ ಎಂಬುದು ತಮ್ಮ ಕೊನೆಯ ಪ್ರಶ್ನೆ. ಕೊರಿಯಾವನ್ನು ಆಳುವ ಜಪಾನಿಗೂ ಚೀನಾಕ್ಕೂ ಯುದ್ಧ ಹತ್ತಿಕೊಂಡಿತು, ಚಹಾದಂಗಡಿ ಮುಚ್ಚಿತು ಎಂಬುದು ಒಂದು ಉತ್ತರ. ತಂಗಿಯ ಮಗಳಿಗೆ ಕೊಟ್ಟ ಮಾತು ಎಂಬುದು ನಿಜವಾದ ಉತ್ತರ. ಹಡಗಿನಲ್ಲಿ ಮೂವತ್ತೊಂದು ದಿನ ಆ ಹುಡುಗಿಯ ಧಾರೆಗೆಂದೇ ಅಭ್ಯಾಸ ಮಾಡಿಕೊಂಡು ಬಂದೆ. ನನಗೆ ಹೊಟ್ಟೆ ಉರಿಯುತ್ತಿದೆ ಮಹಾಲಿಂಗಯ್ಯನವರೇ, ಅದನ್ನು ಸಕ್ಕರೆ ಸವರಿ ಬರೆಯಲು ನನಗೆ ಬಾರದು. ನನ್ನನ್ನು ಏನು ಬೇಕಾದರೂ ಅನ್ನಿ. ಆ ಮಗುವಿನ ಮದುವೆಯನ್ನು ಹಿಡಿದುಕೊಂಡು ನನ್ನನ್ನು ಬಗ್ಗಿಸಲು ಹೊರಟಿರಲ್ಲ, ಅದು ಸಣ್ಣತನ.

ಕ್ಷಮಿಸಬೇಕು, ಮರ್ಯಾದೆ ಮರೆತೆ. ರಾಜಿಗಾಗಿ ಒಂದೆರಡು ಉಪಾಯಗಳನ್ನು ಸನ್ನಿಧಿಯಲ್ಲಿ ಅರಿಕೆ ಮಾಡಿಕೊಳ್ಳಲೆಂದು ನಿನ್ನೆ ರಾತ್ರಿ ಕೂತಿದ್ದೆ. ನನ್ನ ಕ್ಲಾರಿಯೊನೆಟ್ಟು ಕೊರಿಯಾದಲ್ಲಿ ಒಂದು ತುತ್ತನ್ನೂ ತಿಂದಿಲ್ಲವಾದ್ದರಿಂದ ಅದನ್ನಾದರೂ ಒಳಗೆ ಬಿಟ್ಟುಕೊಂಡು, ಊದುವ ತುದಿಯನ್ನು ಮಾತ್ರ ಹೊರಗಿಡಬಹುದೇ ಎಂದು ಕೇಳಬೇಕೆಂದಿದ್ದೆ. ನಾದಕ್ಕೆ ಮೈಲಿಗೆಯಿದ್ದರೆ ತಾವು ಚಪ್ಪರದ ಬಾಗಿಲಲ್ಲಿ ನಿಂತು ಸ್ವರಗಳನ್ನು ಒಂದೊಂದಾಗಿ ನೀರು ಚಿಮುಕಿಸಿ ಒಳಗೆ ಬಿಡಬಹುದು ಎಂದೂ ಸೂಚಿಸುವವನಿದ್ದೆ. ಅಷ್ಟರಲ್ಲಿ ತಂಗಿ ಕರಿಬಸಮ್ಮ, ಕಾಗದದ ಮುಂದೆ ಕೂತ ನನ್ನನ್ನು ನೋಡಿ, "ಏನಂತೆ ಅವ್ರ ರೂಲ್ಸು, ಇನ್ನೊಂದ್ಸಲ ಓದಣ್ಣ" ಎಂದಳು. ಓದಿದೆ. ಹೊರಗೆ ಊದಲು ಅಡ್ಡಿಯಿಲ್ಲ ಎಂಬಲ್ಲಿಗೆ ಬಂದಾಗ ಕೈಯೆತ್ತಿ ನಿಲ್ಲಿಸಿದಳು. "ನನ್ನಣ್ಣ ಆಚೆ ಕೂತ್ರೆ ಮದ್ವೇನೂ ಆಚೆಗೇ ಆಗ್ಲಿ. ಹಸೆಮಣೆ ತಂದು ಬೇವಿನಮರದ ಕೆಳಗೆ ಹಾಕ್ಬುಡಾನ. ಆಚೆ ಹೆಣ್ಣು ಕೂರಬಾರ್ದು ಅಂತ ಅದ್ರಲ್ಲಿ ಎಲ್ಲಾದ್ರೂ ಬರ್ದವ್ರಾ?" ಮೂರು ಪುಟವನ್ನೂ ತಿರುವಿ ನೋಡಿದೆ. ತಾವು ಬರೆದಿಲ್ಲ.

ಗಂಡಿನವರು ಒಪ್ಪಬೇಕಲ್ಲವೇ ಎಂಬ ಹೆದರಿಕೆಯಿಂದ ನಾನೇ ಇಂದು ಬೆಳಿಗ್ಗೆ ಕಳ್ಳಂಬೆಳ್ಳಕ್ಕೆ ಹೋಗಿ, ಕೊರಿಯಾದ ಊಟವನ್ನೂ ಮುಚ್ಚಿಡದೆ, ವೃಷಭೇಂದ್ರಪ್ಪನವರ ಮುಂದೆ ಎಲ್ಲ ಹೇಳಿದೆ. ಅವರು ಬಹಳ ಹೊತ್ತು ಯೋಚಿಸಲಿಲ್ಲ. "ಗಂಡು ಹೆಣ್ಣು ಕೂತಿದ್ದೇ ಚಪ್ಪರ ಕಣಪ್ಪ. ಬ್ಯಾಸ್ಗೆ ಬ್ಯಾರೆ, ಮರದ ನೆಳ್ಳು ತಂಪಾಗಿರ್ತದೆ. ನಮ್ಮೂರಿಂದಾನೇ ಡೋಲು ತತ್ತೀನಿ, ನೀನು ಊದು" ಎಂದರು.

ಆದ್ದರಿಂದ ತಮ್ಮ ಆಜ್ಞೆಯನ್ನು ಅಕ್ಷರಶಃ ಪಾಲಿಸುತ್ತಿದ್ದೇವೆ. ಸೋಮವಾರ ಬೆಳಿಗ್ಗೆ ಒಂಬತ್ತೂವರೆಗೆ ಜಗದಾಂಬೆಯನ್ನು ಕೈಹಿಡಿದು ಬೇವಿನಮರದ ಬುಡಕ್ಕೆ ನಾನೇ ಕರೆತರುತ್ತೇನೆ, ಅಲ್ಲಿಯೇ ಕೂತು ಊದುತ್ತೇನೆ, ಪಂಕ್ತಿಯೂ ಅಲ್ಲಿಯೇ. ಚಪ್ಪರದೊಳಕ್ಕೆ ನನ್ನ ನೆರಳೂ ಬೀಳದು. ಹಸಿರು ಗರಿ ಹೊದಿಸಿದ ಆ ಚಪ್ಪರವನ್ನು ಸಂಪೂರ್ಣವಾಗಿ ಸಭೆಗೂ ಅದರ ನಿಯಮಗಳಿಗೂ ಒಪ್ಪಿಸಿದ್ದೇವೆ. ತಾವು ಕುಟುಂಬ ಸಮೇತರಾಗಿ ಬಂದು ವಿರಾಜಮಾನರಾಗಬೇಕು.

ಹೊರಗಿನವನಾದರೂ
ತಮ್ಮ ವಿಶ್ವಾಸಿ,
ಕ್ಲಾರಿಯೊನೆಟ್ ಚನ್ನಮಲ್ಲಯ್ಯ

ತಾ. ಕ.: ಕುಟುಂಬ ಸಮೇತ ಎಂದು ಮೇಲೆ ಬರೆದದ್ದನ್ನು ತಿದ್ದಿಕೊಂಡು ಓದಬೇಕು. ಈ ಕಾಗದಕ್ಕೆ ಅಂಟು ಬಳಿಯುತ್ತಿದ್ದಾಗ ತಮ್ಮ ಧರ್ಮಪತ್ನಿ ನಾಗರತ್ನಮ್ಮನವರು ಹಿತ್ತಿಲ ಬಾಗಿಲಿನಿಂದ ಬಂದು, "ಕರಿಬಸಮ್ಮ, ನಂದೂ ನನ್ನಿಬ್ರು ಸೊಸೆದೀರ್ದೂ ಎಲೆ ಮರದ ಕೆಳಗೇ ಹಾಕ್ಸು ಕಣಮ್ಮ" ಎಂದು ಹೇಳಿ ಹೋದರು. ಹೀಗಾಗಿ ಚಪ್ಪರದೊಳಗೆ ಸದ್ಯಕ್ಕೆ ಒಂದೇ ಎಲೆ. ಅದನ್ನು ಮರದ ಕಡೆಗೆ ಮುಖಮಾಡಿ ಹಾಕಿಸಲೋ, ಗೋಡೆಯ ಕಡೆಗೋ ಎಂಬುದನ್ನು ಭಾನುವಾರದೊಳಗೆ ತಿಳಿಸುವುದು.