ಅಪ್ಪನ ಕಣ್ಣಿಗಾಗಿ ಒಂದು ಲೆನ್ಸು

ಓದಿದವನಿಗೆ ಒಂದು ವಸ್ತುವನ್ನು ಸುಮ್ಮನೆ ಕೊಳ್ಳಲು ಬರುವುದಿಲ್ಲ. ನಮ್ಮಪ್ಪ ಚಪ್ಪಲಿ ಕೊಳ್ಳುವಾಗ ಕಾಲು ತೂರಿಸಿ ಎರಡು ಹೆಜ್ಜೆ ನಡೆದು ನೋಡುತ್ತಿದ್ದರು, ಅಲ್ಲಿಗೆ ಮುಗಿಯಿತು. ನಾನು ಹಾಗಲ್ಲ, ನಮ್ಮ ವಂಶದಲ್ಲೇ ಮೊದಲು ಡಿಗ್ರಿ ಮುಗಿಸಿದವನು. ಮಿಕ್ಸಿ ಕೊಳ್ಳಬೇಕೆಂದರೂ ಮೂರು ವಾರ ಓದುತ್ತೇನೆ. ಅಷ್ಟರಲ್ಲಿ ಹೆಂಡತಿ ಒರಳಿನಲ್ಲಿ ರುಬ್ಬುತ್ತಾ ರುಬ್ಬುತ್ತಾ ನನ್ನ ಡಿಗ್ರಿಯ ಬಗ್ಗೆ ಒಂದು ತೀರ್ಮಾನಕ್ಕೆ ಬಂದಿರುತ್ತಾಳೆ. ಅವಳು ಏನೇ ಅಂದುಕೊಳ್ಳಲಿ, ಆ ಡಿಗ್ರಿ ಹಗುರದ್ದಲ್ಲ. ಅಪ್ಪ ಆನವಟ್ಟಿಯಲ್ಲಿ ನಲವತ್ತು ವರ್ಷ ಮೂಟೆ ಹೊತ್ತ ಹಮಾಲರು. ಆ ಬೆನ್ನಿನ ಮೇಲೆ ಹತ್ತಿಕೊಂಡೇ ನಾನು ಎಂ.ಎ. ತನಕ ಹೋದದ್ದು, ಈಗ ಶಿಕಾರಿಪುರದ ಕಾಲೇಜೊಂದರಲ್ಲಿ ಪಾಠ ಹೇಳುತ್ತಿರುವುದು. ಕಪ್ಪು ಗೌನು ತೊಟ್ಟು ನಿಂತ ನನ್ನ ಘಟಿಕೋತ್ಸವದ ಫೋಟೋ ಆನವಟ್ಟಿಯ ಮನೆಯ ನಡುಮನೆಯಲ್ಲಿ ದೇವರ ಪಟಕ್ಕಿಂತ ಒಂದು ಗೇಣು ಮೇಲೇ ಇದೆ. ಮೊಳೆ ಹೊಡೆದವರು ಅಪ್ಪ. ನಾನು ಬೇಡವೆನ್ನಲಿಲ್ಲ.

ಹೋದ ವರ್ಷ ಅಪ್ಪನ ಎದೆ ಕೆಟ್ಟಿತು. ಡಾಕ್ಟರು, ಇನ್ನು ಮನೆಯಲ್ಲೇ ಚೆನ್ನಾಗಿ ನೋಡಿಕೊಳ್ಳಿ ಎಂದರು. ಆ ಮಾತಿನ ಅರ್ಥ ನನಗಿಂತ ಮೊದಲು ಅಪ್ಪನಿಗೆ ಆಯಿತು. ನಮ್ಮಲ್ಲಿ ತೀರಿಕೊಂಡವರ ಫೋಟೋಗೆ ಕಟ್ಟು ಹಾಕಿಸಿ ತಿಥಿಯ ಊಟದ ಹೊತ್ತಿಗೆ ಗೋಡೆಗೆ ಏರಿಸಬೇಕು. ಅಪ್ಪನ ಫೋಟೋ ಇದ್ದದ್ದೇ ನಾಲ್ಕು, ನಾಲ್ಕರಲ್ಲೂ ಫ್ಲಾಶಿಗೆ ಬೆದರಿ ಕಣ್ಣು ಮುಚ್ಚಿದ್ದಾರೆ. ಅವನ್ನು ಮಂಚದ ಮೇಲೆ ಹರಡಿಕೊಂಡು ಹೇಳಿದರು: "ಇವೆಲ್ಲ ಆಗ್ಲೇ ಹೋದವನ ಹಂಗೆ ಅದಾವೆ ತಮ್ಮಾ. ಕಣ್ಣು ಬಿಟ್ಟಿದ್ದು ಒಂದು ತೆಗಿ. ನಿನ್ನ ಫೋಟೋದ ಕೆಳಗೇ ಕೂತ್ಕಂತೀನಿ. ಎರಡೂ ಬರ್ಬೇಕು ನೋಡು."

ಅಲ್ಲೇ ಇದ್ದ ತಂಗಿ ರೇಣುಕಾ ಮೊಬೈಲು ಎತ್ತಿದಳು. ನಾನು ತಡೆದೆ. ಗೋಡೆಗೇರುವ ಫೋಟೋ ಎಂದರೆ ವಾಟ್ಸಾಪಿನ ಶುಭೋದಯವೇ? ನನ್ನ ಹತ್ತಿರ ರೀಲು ಹಾಕುವ ಎಸ್ಸೆಲ್ಲಾರ್ ಕ್ಯಾಮೆರಾ ಇದೆ, ನನ್ನನ್ನು ಗೌನಿನಲ್ಲಿ ತೆಗೆದದ್ದೂ ಅದೇ ಜಾತಿಯದು. ಆದರೆ ಅದರ ಜೂಮ್ ಲೆನ್ಸು ನಡುಮನೆಯ ಮಬ್ಬಿನಲ್ಲಿ ಕುರುಡು. ಫ್ಲಾಶಿಲ್ಲದೆ ತೆಗೆಯಲು ಬಾಯಿ ಅಗಲವಿರುವ ಐವತ್ತು ಎಂ.ಎಂ. ಲೆನ್ಸು ಬೇಕು. ಅಪ್ಪನ ಕತ್ತು ಒಂದು ಕಡೆ ನಿಲ್ಲದ್ದರಿಂದ ಅದು ತಾನೇ ಫೋಕಸ್ ಮಾಡಿಕೊಳ್ಳುವಂಥದ್ದೂ ಆಗಿರಬೇಕು.

ಶುರುವಾಯಿತು ನನ್ನ ಓದು. ಅಂಥವು ಎರಡು: 1.8 ಮತ್ತು 1.4. ಎರಡನೆಯದರ ಅಂಕಿ ಚಿಕ್ಕದು, ಬಾಯಿ ಇನ್ನೂ ಅಗಲ. ಮುಖವೊಂದನ್ನು ಹರಿತವಾಗಿ ಹಿಡಿದು ಹಿಂದಿನದನ್ನೆಲ್ಲ ಬೆಣ್ಣೆಯಂತೆ ಕರಗಿಸುತ್ತದಂತೆ. ಶಿಕಾರಿಪುರದಲ್ಲಿ ಹಳೆಯ ಕ್ಯಾಮೆರಾ ರಿಪೇರಿ ಮಾಡುವ ಖಾದರ್ ಸಾಬರು ಒಂದು 1.8 ಅನ್ನು ಒರೆಸಿ ಮುಂದಿಟ್ಟರು. ಅಂಚಿನಲ್ಲಿ ಚಿತ್ರ ಮಸುಕಾಗುತ್ತದೆಂದು ಓದಿದ್ದೇನೆ ಎಂದೆ. ಅವರು ನನ್ನನ್ನೇ ನೋಡಿದರು. "ಸರ್, ನಿಮ್ಮ ತಂದೆಯವ್ರು ನಡುವೆ ಕೂರ್ತಾರೆ ರೀ, ಅಂಚಿನಾಗಲ್ಲ. ಇವತ್ತೇ ತಗಂಡ್ ಹೋಗ್ರಿ."

ನಾನು ಇನ್ನೊಂದು ತಿಂಗಳು ಓದಿದೆ. ಪ್ರತಿ ಭಾನುವಾರ ಆನವಟ್ಟಿಗೆ ಬಸ್ಸು ಹತ್ತುತ್ತಿದ್ದೆ. ಅಪ್ಪ ಗಡ್ಡ ಮಾಡಿಸಿಕೊಂಡು, ಒಗೆದ ಬಿಳಿ ಅಂಗಿ ತೊಟ್ಟು ನನ್ನ ಫೋಟೋದ ಕೆಳಗೆ ಕುರ್ಚಿಯಲ್ಲಿ ಕಾದಿರುತ್ತಿದ್ದರು. ಲೆನ್ಸು ಇನ್ನೂ ನಿಶ್ಚಯವಾಗಿಲ್ಲ ಎನ್ನುತ್ತಿದ್ದೆ, ಹೆಣ್ಣು ನೋಡಲು ಹೋದವರ ಹಾಗೆ. ಅವರು ಅಂಗಿ ಬಿಚ್ಚಿ ಮಡಿಸಿಡುತ್ತಿದ್ದರು. ಒಂದೊಂದು ವಾರಕ್ಕೂ ಅಂಗಿ ದೊಡ್ಡದಾಗುತ್ತಿತ್ತು. ಎಂಟನೆಯ ಭಾನುವಾರ ಅವರನ್ನು ಕುರ್ಚಿಗೆ ನಾನೂ ರೇಣುಕಾಳೂ ಎತ್ತಿ ಕೂರಿಸಬೇಕಾಯಿತು.

ಅವತ್ತು ನನ್ನ ಕೈಯಲ್ಲಿ 1.4 ಇತ್ತು. ಹಿನ್ನೆಲೆ ಕರಗಲೆಂದು, ಓದಿದ್ದಂತೆ, ಕುರ್ಚಿಯನ್ನು ಗೋಡೆಯಿಂದ ಮೂರಡಿ ಮುಂದಕ್ಕೆ ಎಳೆಸಿದೆ. ಎರಡೂ ಬರಬೇಕೆಂದಿದ್ದರಲ್ಲ, ಕ್ಯಾಮೆರಾವನ್ನು ತುಸು ಮೇಲೆತ್ತಿದೆ. ಲೆನ್ಸು ಗುಯ್ಯೆಂದು ಹಿಂದೆ ಮುಂದೆ ತಡಕಾಡಿತು, ಕಡೆಗೆ ಫೋಕಸ್ ಸಿಕ್ಕಿತೆಂದು ಕ್ಯಾಮೆರಾ ಪೀಪ್ ಎಂದಿತು. ಓದಿದವನು, ಕಣ್ಣಿಗಿಂತ ಪೀಪನ್ನು ನಂಬಿದೆ. ಮೂರು ಸಲ ಒತ್ತಿದೆ. ಅಪ್ಪ ಕಣ್ಣು ಮಿಟುಕಿಸಲಿಲ್ಲ.

"ತೋರ್ಸು ನೋಡಾನ," ಎಂದರು.

ರೀಲನ್ನು ಬೆಂಗಳೂರಿಗೆ ಕಳಿಸಿ ತೊಳೆಸಬೇಕು ಎಂದೆ. ತಲೆಯಾಡಿಸಿದರು. ರೀಲು ಬೆಂಗಳೂರಿನಲ್ಲಿದ್ದಾಗಲೇ ಹೋದರು.

ತಿಥಿಗೆ ಎರಡು ದಿನ ಮುಂಚೆ ಖಾದರ್ ಸಾಬರು ದೊಡ್ಡದು ಮಾಡಿಸಿದ ಪ್ರತಿಯನ್ನು ಕೈಗಿಟ್ಟರು. ಲೆನ್ಸು ಓದಿದ್ದಕ್ಕಿಂತ ಒಳ್ಳೆಯದಿತ್ತು. ಚಿತ್ರದ ನಟ್ಟನಡುವೆ, ಗೋಡೆಯ ಮೇಲೆ, ನಾನು. ಗೌನಿನ ಒಂದೊಂದು ಮಡಿಕೆಯೂ ಹರಿತ, ಚಿಗುರುಮೀಸೆಯ ಕೂದಲೂ ಹರಿತ. ಕೆಳಗೆ ಅಪ್ಪ ಬಿಳಿ ಮಂಜಿನ ಹಾಗೆ ಕರಗಿದ್ದರು. ಕಣ್ಣು ಬಿಟ್ಟಿದ್ದಾರೋ ಮುಚ್ಚಿದ್ದಾರೋ ಯಾರೂ ಹೇಳಲಾರರು. ಮೂರರಲ್ಲೂ ಅಷ್ಟೇ.

ಹಳೆಯ ನಾಲ್ಕರಲ್ಲೇ ಒಂದಕ್ಕೆ ಕಟ್ಟು ಹಾಕಿಸುತ್ತೇನೆಂದೆ. ಅವ್ವ ಒಪ್ಪಲಿಲ್ಲ. "ಇದ್ರಾಗ ಕಣ್ಣು ಬಿಟ್ಟಿದ್ರು, ನಾನೇ ನೋಡೀನಿ. ಎರಡೂ ಬಂದಾವಲ್ಲ, ಇದೇ ಇರ್ಲಿ," ಎಂದಳು. ಅದೇ ಗೋಡೆಗೇರಿತು. ಅವ್ವ ದಿನಾ ಹಾರ ಹಾಕಿ ಗಾಜಿನ ಮೇಲೆ ಗಂಧ ಇಡುತ್ತಾಳೆ. ಅಪ್ಪನ ಹಣೆ ಎಲ್ಲಿಂದ ಶುರುವೆಂದು ಅವಳ ಬೆರಳಿಗೆ ಸಿಗುವುದಿಲ್ಲ. ಗಂಧ ನನ್ನ ಹಣೆಗೇ ಬೀಳುತ್ತದೆ.

ಮೊನ್ನೆ ವಂಶವೃಕ್ಷದ ಅರ್ಜಿಯ ವಿಚಾರಣೆಗೆ ಊರಿಗೆ ಹೊಸಬರಾದ ಗ್ರಾಮ ಆಡಳಿತಾಧಿಕಾರಿ ಮನೆಗೆ ಬಂದಿದ್ದರು. ಹಾರದೊಳಗಿನ ಗೌನನ್ನೂ ಗಂಧವನ್ನೂ ನೋಡಿ ಚಪ್ಪಲಿ ಬಿಟ್ಟು ಕೈಮುಗಿದರು. ಆಮೇಲೆ ನನ್ನ ಬೋಳುತಲೆಯ ಕಡೆ ತಿರುಗಿ ಮೆಲ್ಲಗೆ ಕೇಳಿದರು: "ಇವ್ರೇನ್ರೀ ತೀರ್ಕಂಡಿದ್ದು? ಸಣ್ಣ ವಯಸ್ಸು, ಪಾಪ. ಏನು ಓದಿದ್ರು?"

ತಿದ್ದಬೇಕಿತ್ತು. ಬಾಯಿ ತೆರೆದದ್ದೂ ಅದಕ್ಕೇ.

ಎಂ.ಎ. ಎಂದೆ. ಫಸ್ಟ್ ಕ್ಲಾಸ್ ಎಂದೂ ಸೇರಿಸಿದೆ.